ಛಾಪಾ ಕಾಗದದಿಂದ ವಿದ್ಯುನ್ಮಾನ ರಶೀದಿಗೆ: ಕೋರ್ಟು ಫೀ ನಡೆದು ಬಂದ ದಾರಿ

ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಬಹು ಮಂದಿಗೆ ಊರಿನ ನಂಟನ್ನು ಉಳಿಸಿಕೊಟ್ಟಿರುವವು ಮೂರು: ಮನೆದೇವರು, ಮದುವೆ ಮುಂಜಿಗಳು ಮತ್ತು ಕೋರ್ಟಿನ ವ್ಯಾಜ್ಯ. ಮೊದಲಿನ ಎರಡನ್ನು ಕುರಿತು ಸಂಘದ ಪತ್ರಿಕೆಗಳಲ್ಲಿ ಧಾರಾಳವಾಗಿ ಬರೆದುಕೊಳ್ಳುತ್ತೇವೆ. ಮೂರನೆಯದನ್ನು ಮಾತ್ರ ಮನೆಯೊಳಗೆ, ಅದೂ ದನಿ ತಗ್ಗಿಸಿ ಮಾತನಾಡುವುದು ರೂಢಿ. ಅಜ್ಜನ ಕಾಲದ ಗದ್ದೆಯೋ, ಅಣ್ಣತಮ್ಮಂದಿರ ನಡುವಣ ಹಿಸ್ಸೆಯೋ, ಹಿತ್ತಿಲಿನ ಬೇಲಿಯೋ ತಾಲ್ಲೂಕಿನ ಕೋರ್ಟಿನಲ್ಲಿ ಕುಳಿತಿರುತ್ತದೆ. ಅದರ ವಾದಿಯೋ ಪ್ರತಿವಾದಿಯೋ ಮುಂಬಯಿಯ ಹೋಟೆಲಿನಲ್ಲಿ, ಪುಣೆಯ ಕಾರ್ಖಾನೆಯಲ್ಲಿ, ದಿಲ್ಲಿಯ ಸರಕಾರಿ ಕಚೇರಿಯಲ್ಲಿ ದುಡಿಯುತ್ತಿರುತ್ತಾನೆ. ಹಿಂದೆ ವಕೀಲರ ಕಾಗದ ಬರುತ್ತಿತ್ತು: ಸ್ಟಾಂಪಿಗೆ ಇಷ್ಟು, ಸಮನ್ಸಿನ ಖರ್ಚಿಗೆ ಇಷ್ಟು, ಗುಮಾಸ್ತರ ಕೈಗೆ ಇಷ್ಟು. ಇಲ್ಲಿಂದ ಮನಿಯಾರ್ಡರು ಹೋಗುತ್ತಿತ್ತು. ಸ್ಟಾಂಪಿಗೆಂದು ಕಳಿಸಿದ ಹಣದಲ್ಲಿ ನಿಜವಾಗಿ ಸ್ಟಾಂಪಿಗೆ ಸಂದದ್ದು ಎಷ್ಟು ಎಂದು ತಿಳಿಯುವ ದಾರಿ ಕಳಿಸಿದವನಿಗೆ ಇರಲಿಲ್ಲ. ಕೇಳಿದರೆ ವಕೀಲರಿಗೆ ಬೇಸರವಾದೀತೆಂಬ ಅಂಜಿಕೆ ಬೇರೆ.

ಈಚಿನ ವರ್ಷಗಳಲ್ಲಿ ಕೆಳಗಿನ ನ್ಯಾಯಾಲಯಗಳಿಗೂ ವಿದ್ಯುನ್ಮಾನ ಪದ್ಧತಿ ಬಂದು, ಕೋರ್ಟು ಫೀಯನ್ನು ಬ್ಯಾಂಕ್ ಖಾತೆಯಿಂದಲೋ ಕೈಯಲ್ಲಿರುವ ಮೊಬೈಲಿನಿಂದಲೋ ನೇರವಾಗಿ ಕಟ್ಟುವ ಅನುಕೂಲ ಆಗಿದೆ. ಇದನ್ನು ಯಂತ್ರದ ಸೋಜಿಗವೆಂದು ಕೊಂಡಾಡುವವರು ಇದ್ದಾರೆ, ಹಳ್ಳಿಯ ಬಡವನಿಗೆ ಇನ್ನೊಂದು ತೊಡಕೆಂದು ಗೊಣಗುವವರೂ ಇದ್ದಾರೆ. ಎರಡಕ್ಕೂ ಮೊದಲು ಈ ಫೀಯ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವುದು ಮೇಲು. ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಳೆದ ಇನ್ನೂರು ಇನ್ನೂರಿಪ್ಪತ್ತು ವರ್ಷಗಳಲ್ಲಿ ಫೀ ಕಟ್ಟುವ ರೀತಿ ಬದಲಾದಾಗಲೆಲ್ಲ ಬದಲಾದದ್ದು ಸರಕಾರದ ಹಣ ಸೋರದಿರಲೆಂದು. ಕಕ್ಷಿಗಾರನ ಕಷ್ಟ ಇಳಿಯಲೆಂದಲ್ಲ. ಈ ಬಾರಿಯ ಬದಲಾವಣೆಯೂ ಅದೇ ಕಾರಣಕ್ಕೆ ಹುಟ್ಟಿದ್ದು. ಆದರೆ ಇದರಿಂದ ಕಕ್ಷಿಗಾರನಿಗೂ ಲಾಭವಾಗಲು ಎಡೆಯಿದೆ, ಅವನು ಕೇಳಿ ಪಡೆದರೆ.

ನ್ಯಾಯ ಕೇಳಲು ಬಂದವನು ಬಾಗಿಲಲ್ಲೇ ಹಣ ಕಟ್ಟಬೇಕೆಂಬುದು ನಮ್ಮ ದೇಶದ ಹಳೆಯ ಪದ್ಧತಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯವಹಾರದಲ್ಲಿ ಸೋತವನ ಮೇಲೆ ಪಂಚಬಂಧವೆಂಬ ದಂಡವಿದೆ, ಅಂದರೆ ವ್ಯಾಜ್ಯದ ಮೊತ್ತದ ಐದನೆಯ ಒಂದು ಪಾಲು. ತಾನಾಗಿಯೇ ತಪ್ಪೊಪ್ಪಿಕೊಂಡವನಿಗೆ ಅದು ದಶಬಂಧ, ಹತ್ತನೆಯ ಒಂದು ಪಾಲು. ರಾಜನಿಗೆ ಹಣ ಬರುತ್ತಿತ್ತು ನಿಜ. ಆದರೆ ಅದು ತೀರ್ಪಿನ ನಂತರ, ಅದೂ ಸುಳ್ಳು ವಾದ ಹೂಡಿದವನಿಂದ. ಬ್ರಿಟಿಷರ ಏರ್ಪಾಡಿನಲ್ಲಿ ಇದು ತಲೆಕೆಳಗಾಯಿತು. ಗೆಲ್ಲುವನೋ ಸೋಲುವನೋ ಗೊತ್ತಿಲ್ಲದ ವಾದಿ ಮೊದಲೇ ಹಣ ತೆರಬೇಕು, ಗೆದ್ದರೆ ಎದುರಾಳಿಯಿಂದ ವಸೂಲು ಮಾಡಿಕೊಳ್ಳಬೇಕು. ವಸೂಲಾಗುವುದು ಎಷ್ಟು ಕಷ್ಟವೆಂಬುದನ್ನು ಡಿಕ್ರಿ ಕೈಯಲ್ಲಿ ಹಿಡಿದು ಕುಳಿತವರನ್ನೇ ಕೇಳಬೇಕು. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಈ ತಲೆಕೆಳಗಿನ ಏರ್ಪಾಡು ಬಂದ ಬಗೆಯಲ್ಲಿ ಸ್ವಾರಸ್ಯವಿದೆ. ೧೭೯೩ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಹೊಸ ನ್ಯಾಯಾಲಯಗಳನ್ನು ಸ್ಥಾಪಿಸಿದಾಗ ಕೋರ್ಟು ಫೀಯನ್ನು ತೆಗೆದುಹಾಕಿದ್ದ. ಜನ ನಂಬಿ ಬಂದರು, ದಾವೆಗಳು ರಾಶಿಬಿದ್ದವು. ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸುವುದು ಖರ್ಚಿನ ಮಾತು. ಬರುವ ಜನರನ್ನು ಕಡಿಮೆ ಮಾಡುವುದು ಅಗ್ಗ. ಅವನ ನಂತರ ಬಂದ ಸರ್ ಜಾನ್ ಶೋರ್ ೧೭೯೫ರಲ್ಲಿ ೩೮ನೆಯ ರೆಗ್ಯುಲೇಷನ್ನಿನ ಮೂಲಕ ಮತ್ತೆ ಫೀ ಹೇರಿದ. ಹುರುಳಿಲ್ಲದ ದಾವೆಗಳನ್ನು ತಡೆಯಲು ಈ ಕ್ರಮ ಎಂದು ಅದರ ಪೀಠಿಕೆಯಲ್ಲಿ ಹೇಳಿತ್ತು. ಆಗಲೇ ಹೂಡಿದ್ದ ದಾವೆಗಳಿಗೂ ಇಂತಿಷ್ಟು ಕಾಲದೊಳಗೆ ಫೀ ಕಟ್ಟಬೇಕು, ಇಲ್ಲವಾದರೆ ದಾವೆ ವಜಾ ಎಂದು ವಿಧಿಸಲಾಯಿತು. ಕೋರ್ಟಿನಿಂದ ದೂರವಿದ್ದವರಿಗೆ ಆ ಸುದ್ದಿ ಮುಟ್ಟುವ ಹೊತ್ತಿಗೆ ಗಡುವು ಮುಗಿದಿತ್ತು. ಊರು ಬಿಟ್ಟವನ ದಾವೆ ಅವನಿಗೆ ತಿಳಿಯದೆಯೇ ಬಿದ್ದುಹೋಗುವುದು ಅಂದಿನಿಂದಲೂ ಇರುವ ಸಂಗತಿ ಎಂಬುದನ್ನು ಇಲ್ಲಿ ಗಮನಿಸಬಹುದು.

ಇತ್ತ ಇಂಗ್ಲೆಂಡಿನಲ್ಲಿ ಅದೇ ಸುಮಾರಿಗೆ, ೧೭೯೫ರಲ್ಲಿ, ಜೆರೆಮಿ ಬೆಂಥಾಮ್ ನ್ಯಾಯದ ಮೇಲಿನ ತೆರಿಗೆಯನ್ನು ಖಂಡಿಸಿ ಒಂದು ಪುಸ್ತಿಕೆ ಪ್ರಕಟಿಸಿದ್ದ. ತೆರಿಗೆಗಳಲ್ಲೆಲ್ಲ ಕೆಟ್ಟದ್ದು ಇದು. ಅನ್ಯಾಯಕ್ಕೆ ಒಳಗಾದವನನ್ನು ಆ ಸಂಕಟದ ಗಳಿಗೆಯಲ್ಲೇ ಹಿಡಿದು ಹಣ ಕೇಳುತ್ತದೆ ಎಂಬುದು ಅವನ ವಾದ. ೧೮೩೪ರಿಂದ ನಾಲ್ಕು ವರ್ಷ ಇಲ್ಲಿ ಕಾನೂನು ಸದಸ್ಯನಾಗಿದ್ದ ಮೆಕಾಲೆ ಆ ೧೭೯೫ರ ಪೀಠಿಕೆಯನ್ನು ಓದಿ, ಇಂಥ ಅಸಂಬದ್ಧ ಪೀಠಿಕೆಯನ್ನು ಇನ್ನೊಬ್ಬರು ಬರೆದಿರಲಾರರು ಎಂಬರ್ಥದ ಟಿಪ್ಪಣಿ ಬರೆದ. ಫೀ ಹೆಚ್ಚಿಸಿದರೆ ಸುಳ್ಳುಗಾರನಷ್ಟೇ ಅಲ್ಲ, ಸತ್ಯವಂತನೂ ಹಿಂದೆಗೆಯುತ್ತಾನೆ. ಸುಳ್ಳುಗಾರನ ಕೈಯಲ್ಲಿ ಹಣವಿದ್ದರೆ ಅವನು ನಿಶ್ಚಿಂತೆಯಿಂದ ಒಳಗೆ ಬರುತ್ತಾನೆ ಎಂದು ಅವನು ತೋರಿಸಿಕೊಟ್ಟ. ಮೆಕಾಲೆಯ ಬೇರೆ ಟಿಪ್ಪಣಿಗಳನ್ನು ನಾವು ಇಂದಿಗೂ ಬಯ್ಯುತ್ತ ನೆನೆಯುತ್ತೇವೆ; ಈ ಒಂದನ್ನು ಹೊಗಳಿ ನೆನೆಯಬಹುದಿತ್ತು. ಟಿಪ್ಪಣಿ ಟಿಪ್ಪಣಿಯಾಗಿಯೇ ಉಳಿಯಿತು, ಫೀಯೂ ಉಳಿಯಿತು.

ಹಣವನ್ನು ನಗದಾಗಿ ಕೋರ್ಟಿನ ಅಧಿಕಾರಿಗಳ ಕೈಗೆ ಕೊಡುವ ಪದ್ಧತಿಯಲ್ಲಿ ಸರಕಾರಕ್ಕೆ ಮುಟ್ಟುವುದೆಷ್ಟು, ನಡುವೆ ಇಂಗುವುದೆಷ್ಟು ಎಂಬ ಶಂಕೆ ಸದಾ ಇದ್ದೇ ಇರುತ್ತದೆ. ಅದಕ್ಕೆ ಕಂಡುಹಿಡಿದ ಮದ್ದು ಸ್ಟಾಂಪು. ೧೭೯೭ರಲ್ಲೇ ಬಂಗಾಳದಲ್ಲಿ ಸ್ಟಾಂಪಿನ ಶಾಸನ ಬಂತು. ಹಲವು ತಿದ್ದುಪಡಿಗಳ ನಂತರ ೧೮೭೦ರ ಕೋರ್ಟು ಫೀ ಕಾಯಿದೆ, ಆ ವರ್ಷದ ೭ನೆಯದು, ಫೀಗಳನ್ನೆಲ್ಲ ಸ್ಟಾಂಪಿನ ಮೂಲಕವೇ ವಸೂಲು ಮಾಡತಕ್ಕದ್ದೆಂದು ನಿಶ್ಚಯಿಸಿತು. ಹಣ ಖಜಾನೆಗೆ, ಖಜಾನೆಯಿಂದ ಸ್ಟಾಂಪು ವೆಂಡರನಿಗೆ, ಅವನಿಂದ ಕಕ್ಷಿಗಾರನಿಗೆ, ಅವನಿಂದ ದಾವಾ ಅರ್ಜಿಯ ಮೇಲೆ: ಹೀಗೆ ಕಾಗದದ ಚೂರು ಸಂಚರಿಸಿತೇ ಹೊರತು ಶಿರಸ್ತೇದಾರರ ಮೇಜಿನ ಮೇಲೆ ನಾಣ್ಯ ಸದ್ದು ಮಾಡಲಿಲ್ಲ. ಕನಿಷ್ಠ ಪಕ್ಷ ಮೇಜಿನ ಮೇಲೆ ಮಾಡಲಿಲ್ಲ.

ಸರಕಾರ ಗುಮಾಸ್ತನನ್ನು ನಂಬದೆ ಕಾಗದವನ್ನು ನಂಬಿತು. ಹಾಗಾದರೆ ಒಮ್ಮೆ ಹಚ್ಚಿದ ಸ್ಟಾಂಪನ್ನು ಹಳೆಯ ಕಡತದಿಂದ ಕಿತ್ತು ತೊಳೆದು ಮತ್ತೆ ಹಚ್ಚಿದರೆ? ೧೮೭೦ರ ಕಾಯಿದೆಯ ೩೦ನೆಯ ಕಲಮು ಇದಕ್ಕೂ ಉತ್ತರ ಹೇಳಿದೆ. ಸ್ಟಾಂಪಿನಲ್ಲಿರುವ ತಲೆಯ ಚಿತ್ರವನ್ನು ರಂಧ್ರ ಕೊರೆಯುವ ಉಪಕರಣದಿಂದ ತೆಗೆಯಬೇಕು, ಮೊತ್ತದ ಅಂಕಿ ಮಾತ್ರ ಹಾಗೆಯೇ ಇರಬೇಕು, ಕತ್ತರಿಸಿ ತೆಗೆದ ಚೂರನ್ನು ಸುಡಬೇಕು ಅಥವಾ ಬೇರೆ ರೀತಿ ನಾಶಮಾಡಬೇಕು. ಆ ತಲೆ ವಿಕ್ಟೋರಿಯಾ ರಾಣಿಯದು, ಅನಂತರ ಅವಳ ಮಗ ಮೊಮ್ಮಗಂದಿರದು. ರಾಜದ್ರೋಹಕ್ಕೆ ಕಠಿಣ ಶಿಕ್ಷೆ ವಿಧಿಸುತ್ತಿದ್ದ ಆ ಸಾಮ್ರಾಜ್ಯದಲ್ಲಿ ದಿನವೂ ಊರೂರಿನ ಕೋರ್ಟುಗಳಲ್ಲಿ ರಾಜನ ತಲೆಯನ್ನು ಕಾಯಿದೆಯ ಪ್ರಕಾರವೇ ತೂತು ಮಾಡಿ ಸುಡುತ್ತಿದ್ದರೆಂಬುದು ವಿನೋದ.

ನಮ್ಮ ನಾಡಿನ ಮಟ್ಟಿಗೆ ಈ ಸ್ಟಾಂಪುಗಳು ಒಂದು ಭೂಪಟವೇ ಸರಿ. ವಾಚಕರು ಯಾರಾದರೂ ಮನೆಯ ಹಳೆಯ ಟ್ರಂಕನ್ನು ತೆರೆದು ತಾತನ ಕಾಲದ ಕೋರ್ಟಿನ ನಕಲುಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರ ಕಾಗದಗಳು ಮುಂಬಯಿ ಪ್ರಾಂತದ ನಿಯಮದಂತೆ. ಮಂಗಳೂರು, ಉಡುಪಿ, ಬಳ್ಳಾರಿಯವರದು ಮದರಾಸಿನ ದರದಂತೆ. ರಾಯಚೂರು, ಗುಲ್ಬರ್ಗ, ಬೀದರಿನವರದು ನಿಜಾಮರ ಸರಕಾರದ ಸ್ಟಾಂಪಿನೊಡನೆ. ಹಳೆಯ ಮೈಸೂರಿನವರದು ಮಹಾರಾಜರ ಸರಕಾರದ ಸ್ಟಾಂಪಿನೊಡನೆ. ಕೊಡಗಿನವರದು ಮತ್ತೊಂದು ಬಗೆ. ಒಂದೇ ಭಾಷೆಯವರು ಒಂದೇ ಬಗೆಯ ಜಗಳಕ್ಕೆ ಐದು ಬಗೆಯ ಫೀ ಕಟ್ಟುತ್ತಿದ್ದರು. ೧೯೫೬ರಲ್ಲಿ ನಾಡು ಒಂದಾಯಿತು. ಅನಂತರ ೧೯೫೮ರಲ್ಲಿ ಕೋರ್ಟು ಫೀ ಮತ್ತು ದಾವೆಗಳ ಮೌಲ್ಯ ನಿರ್ಣಯದ ಕಾಯಿದೆ ಬಂದು ಈ ಐದೂ ಒಂದಾದವು. ಏಕೀಕರಣವೆಂದರೆ ಮೆರವಣಿಗೆ, ಭಾಷಣಗಳಷ್ಟೇ ಅಲ್ಲ, ಇಂಥ ಒಣ ಕಾಯಿದೆಗಳೂ ಹೌದು.

ಈ ೧೯೫೮ರ ಕಾಯಿದೆಯಲ್ಲಿ ಹೊರನಾಡಿನವರು ಮುಖ್ಯವಾಗಿ ತಿಳಿದಿರಬೇಕಾದ ಕಲಮು ೩೫ನೆಯದು. ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವವನು ಆ ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದರೆ ಅವನು ಕಟ್ಟಬೇಕಾದ ಫೀ ನಿಗದಿತವಾದದ್ದು, ಹೆಚ್ಚೆಂದರೆ ೨೦೦ ರೂಪಾಯಿ. ಅವನನ್ನು ಸ್ವಾಧೀನದಿಂದ ಹೊರಗೆ ಹಾಕಿದ್ದರೆ ಮಾತ್ರ ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಭೂಮಿಯ ಬೆಲೆ ಏರಿರುವ ಈ ಕಾಲದಲ್ಲಿ ಈ ಎರಡರ ನಡುವಣ ಅಂತರ ನೂರಕ್ಕೂ ಲಕ್ಷಕ್ಕೂ ಇರುವ ಅಂತರ. ಈಗ ಮೂವತ್ತು ವರ್ಷ ಮುಂಬಯಿಯಲ್ಲಿದ್ದವನು ಪಾಲು ಕೇಳಿದನೆನ್ನಿ. ಎದುರು ಪಕ್ಷದವರ ಮೊದಲ ತಕರಾರು ಸಿದ್ಧವಾಗಿರುತ್ತದೆ: ಇವನು ಎಂದೋ ಊರು ಬಿಟ್ಟವನು, ಗದ್ದೆಗೆ ಇಳಿದವನಲ್ಲ, ಇವನಿಗೆ ಎಲ್ಲಿಯ ಸ್ವಾಧೀನ, ಪೂರ್ತಿ ಫೀ ಕಟ್ಟಿಸಿ! ಕೈಯಲ್ಲಿ ಅಷ್ಟು ಹಣವಿಲ್ಲದವನು ಅಲ್ಲಿಗೇ ನಿಲ್ಲಬೇಕು. ಆದರೆ ೧೯೮೦ರಲ್ಲಿ ಸುಪ್ರೀಂ ಕೋರ್ಟು, ತಮಿಳುನಾಡಿನಿಂದ ಬಂದ ಒಂದು ಪಾಲು ವ್ಯಾಜ್ಯದಲ್ಲಿ ಇಂಥದೇ ಕಲಮನ್ನು ಅರ್ಥೈಸುತ್ತ, ಸಹ ಒಡೆಯರಲ್ಲಿ ಒಬ್ಬನ ಸ್ವಾಧೀನ ಕಾನೂನಿನ ದೃಷ್ಟಿಯಲ್ಲಿ ಎಲ್ಲರ ಸ್ವಾಧೀನ. ಹೊರಗೆ ಹಾಕಿದ್ದಾರೆಂಬುದು ಸ್ಪಷ್ಟವಾಗದ ಹೊರತು ಜಂಟಿ ಸ್ವಾಧೀನವೆಂದೇ ಭಾವಿಸತಕ್ಕದ್ದು, ಅದಕ್ಕೆ ಅವನು ಖುದ್ದಾಗಿ ಭೂಮಿಯ ಮೇಲೆ ಇರಬೇಕಾಗಿಲ್ಲ ಎಂದು ಹೇಳಿತು. ಇದಕ್ಕೆ ದಾವಾ ಅರ್ಜಿಯಲ್ಲಿ ಏನು ಬರೆದಿದೆ ಎಂಬುದೇ ಆಧಾರ. ಹಾಗಾಗಿ ಸಿಟ್ಟಿನ ಭರದಲ್ಲಿ ‘ನನ್ನನ್ನು ಮನೆಯಿಂದ ಹೊರಗೆ ಹಾಕಿದರು’ ಎಂದು ಬರೆಸುವ ಮುನ್ನ ವಕೀಲರೊಡನೆ ಒಮ್ಮೆ ಕುಳಿತು ಮಾತನಾಡುವುದು ಒಳ್ಳೆಯದು. ನಿಜವಾಗಿ ಹೊರಗೆ ಹಾಕಿದ್ದರೆ ಅದನ್ನು ಬರೆಯಲೇಬೇಕು. ಹಾಕದೆ ಇದ್ದರೆ ಆ ಒಂದು ಸಾಲಿನ ಬೆಲೆ ಬಹಳ.

ಬೇರೆ ಬಗೆಯ ದಾವೆಗಳಲ್ಲಿ ಫೀ ದಾವೆಯ ಮೌಲ್ಯದ ಮೇಲೆ ಏರುತ್ತ ಹೋಗುತ್ತದೆ, ಮತ್ತು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಸುಪ್ರೀಂ ಕೋರ್ಟಿನದನ್ನು ಬಿಟ್ಟು ಉಳಿದ ಕೋರ್ಟುಗಳ ಫೀಯೆಲ್ಲ ಸಂವಿಧಾನದ ಪ್ರಕಾರ ರಾಜ್ಯಗಳ ಅಧಿಕಾರಕ್ಕೆ ಸೇರಿದೆ. ತಮಿಳುನಾಡಿನಲ್ಲಿ ಬಹುಕಾಲ ನೂರಕ್ಕೆ ಏಳೂವರೆ ಇದ್ದ ದರವನ್ನು ೨೦೧೭ರಲ್ಲಿ ನೂರಕ್ಕೆ ಮೂರಕ್ಕೆ ಇಳಿಸಿದರು. ಒಂದು ಲಕ್ಷ ರೂಪಾಯಿ ಸಾಲ ವಸೂಲಿಗೆ ೭,೫೦೦ ಕಟ್ಟುತ್ತಿದ್ದ ಚೆನ್ನೈಯವರು ಈಗ ೩,೦೦೦ ಕಟ್ಟಿದರೆ ಸಾಕು. ಮಹಾರಾಷ್ಟ್ರ ಅದರ ಮರುವರ್ಷವೇ ಎದುರು ದಿಕ್ಕಿನಲ್ಲಿ ನಡೆದು, ಒಂದು ದಾವೆಯ ಮೇಲಿನ ಗರಿಷ್ಠ ಫೀಯನ್ನು ೩ ಲಕ್ಷದಿಂದ ೧೦ ಲಕ್ಷಕ್ಕೆ ಏರಿಸಿತು. ಎಂ. ಸಿ. ಸೆಟಲ್‌ವಾಡರ ಅಧ್ಯಕ್ಷತೆಯ ಮೊದಲ ಕಾನೂನು ಆಯೋಗ ೧೯೫೮ರಷ್ಟು ಹಿಂದೆಯೇ, ನ್ಯಾಯದಾನವನ್ನು ಆದಾಯದ ಮೂಲವನ್ನಾಗಿ ಮಾಡಿಕೊಳ್ಳಬಾರದು, ಫೀಯನ್ನು ತಗ್ಗಿಸಬೇಕು ಎಂದು ಹೇಳಿತ್ತು. ೧೯೭೨ರಲ್ಲಿ ಸುಪ್ರೀಂ ಕೋರ್ಟು ಕೂಡ, ಇದು ಫೀ, ತೆರಿಗೆಯಲ್ಲ. ನ್ಯಾಯಾಡಳಿತದ ಖರ್ಚಿಗೂ ಇದಕ್ಕೂ ತಕ್ಕ ಸಂಬಂಧವಿರಬೇಕು ಎಂದಿತು. ಮಾತು ಚೆನ್ನಾಗಿದೆ. ದರ ನಿಗದಿ ಮಾಡುವ ಅಧಿಕಾರ ಮಾತ್ರ ಮಾತು ಆಡಿದವರಲ್ಲಿ ಇಲ್ಲ.

ಇನ್ನು ಸ್ಟಾಂಪಿನ ಕಡೆಗಾಲಕ್ಕೆ ಬರೋಣ. ಮೊದಲು ವಿಲಾಯತಿಯಿಂದ ಅಚ್ಚಾಗಿ ಬರುತ್ತಿದ್ದ ಸ್ಟಾಂಪುಗಳು ೧೯೨೫ರ ಸುಮಾರಿನಿಂದ ನಾಸಿಕ್ ರೋಡಿನ ಸೆಕ್ಯೂರಿಟಿ ಪ್ರೆಸ್ಸಿನಲ್ಲಿ ಅಚ್ಚಾಗತೊಡಗಿದವು. ಅಲ್ಲಿಂದ ಖಜಾನೆಗಳಿಗೆ, ಖಜಾನೆಯಿಂದ ಕೋರ್ಟಿನ ಆವರಣದ ಮರದಡಿ ಕುಳಿತ ವೆಂಡರನ ಪೆಟ್ಟಿಗೆಗೆ. ಆ ಪೆಟ್ಟಿಗೆಯಲ್ಲಿ ಬೇಕಾದ ಮುಖಬೆಲೆಯ ಸ್ಟಾಂಪು ಬೇಕಾದ ದಿನ ಇಲ್ಲದಿರುವುದು ಎಲ್ಲ ಕೋರ್ಟುಗಳ ಹಳೆಯ ಅಳಲು. ಎರಡು ರೂಪಾಯಿಯದು ಇಲ್ಲ, ಐದರದು ಹಚ್ಚಿ ಎನ್ನುವುದು. ಅಥವಾ ಇದೆ, ಆದರೆ ಎರಡಕ್ಕೆ ಮೂರು ಕೊಡಿ ಎನ್ನುವುದು. ವಾಯಿದೆಯ ಕೊನೆಯ ದಿನ ದೂರದೂರಿನಿಂದ ಬಂದವನು ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಫೀ ಕಡಿಮೆ ಬಿದ್ದರೆ ನ್ಯಾಯಾಧೀಶರು ಸಮಯ ಕೊಡಬಹುದು, ದಿವಾಣಿ ಪ್ರಕ್ರಿಯಾ ಸಂಹಿತೆಯ ೧೪೯ನೆಯ ಕಲಮು ಅದಕ್ಕೆಂದೇ ಇದೆ. ಕೊಟ್ಟ ಸಮಯದಲ್ಲಿ ಕಟ್ಟದಿದ್ದರೆ ದಾವಾ ಅರ್ಜಿಯೇ ತಿರಸ್ಕೃತವಾಗುತ್ತದೆ.

ಇಂಥ ಕೊರತೆ ಇದ್ದಲ್ಲಿ ಕಳ್ಳ ಹುಟ್ಟುತ್ತಾನೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ರೈಲುಗಳಲ್ಲಿ ಹಣ್ಣು ಮಾರಿ ಬೆಳೆದವನು, ನಮ್ಮಲ್ಲಿ ಅನೇಕರಂತೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದವನು. ೧೯೯೪ರಲ್ಲಿ ಸ್ಟಾಂಪು ಮಾರುವ ಪರವಾನಗಿ ಪಡೆದ. ನಾಸಿಕ್ ಪ್ರೆಸ್ಸಿನವರು ಹರಾಜಿಗೆ ಹಾಕಿದ ಹಳೆಯ ಯಂತ್ರಗಳು ಅವನ ಕೈಸೇರಿದವು. ಅನಂತರ ಅವನು ಮಾರಿದ್ದು ಛಾಪಾ ಕಾಗದ ಮಾತ್ರವಲ್ಲ. ಕೋರ್ಟು ಫೀ ಸ್ಟಾಂಪು, ರೆವಿನ್ಯೂ ಸ್ಟಾಂಪು, ವಿಮೆಯ ಸ್ಟಾಂಪು, ಎಲ್ಲವನ್ನೂ ಅಚ್ಚು ಹಾಕಿದ. ಬೆಂಗಳೂರಿನಲ್ಲಿ ೨೦೦೦ದಲ್ಲಿ ಗುಟ್ಟು ಹೊರಬಿತ್ತು, ೨೦೦೧ರ ನವೆಂಬರಿನಲ್ಲಿ ಅಜ್ಮೇರಿನಲ್ಲಿ ಅವನ ಬಂಧನವಾಯಿತು. ತನಿಖೆ ೨೦೦೪ರಲ್ಲಿ ಸಿ.ಬಿ.ಐ.ಗೆ ಹೋಯಿತು. ೨೦೦೭ರಲ್ಲಿ ೩೦ ವರ್ಷದ ಶಿಕ್ಷೆಯಾಗಿ, ೨೦೧೭ರ ಅಕ್ಟೋಬರಿನಲ್ಲಿ ಕೈದಿಯಾಗಿಯೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ. ನ್ಯಾಯಾಲಯದ ಕಡತದಲ್ಲೇ ಸುಳ್ಳು ಸ್ಟಾಂಪು ಅಂಟಿ ಕುಳಿತಿತ್ತೆಂದರೆ ಅದಕ್ಕಿಂತ ದೊಡ್ಡ ಅಣಕ ಬೇಕಿಲ್ಲ. ಗುಮಾಸ್ತನನ್ನು ಬಿಟ್ಟು ಕಾಗದವನ್ನು ನಂಬಿದ್ದ ಸರಕಾರಕ್ಕೆ ಈಗ ಕಾಗದವೂ ಕೈಕೊಟ್ಟಿತು.

ವಿದ್ಯುನ್ಮಾನ ಪದ್ಧತಿಯ ಬೇರು ಇಲ್ಲಿದೆ. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಛಾಪಾ ಕಾಗದದ ಮಾರಾಟವನ್ನೇ ನಿಲ್ಲಿಸಿ ಬೇರೆ ದಾರಿ ಹುಡುಕಿದವು. ಮುಂಬಯಿಯಲ್ಲಿ ಹುಟ್ಟಿದ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆಗೆ ಕೇಂದ್ರ ಸರಕಾರ ಸ್ಟಾಂಪುಗಳ ಲೆಕ್ಕವನ್ನು ಗಣಕಯಂತ್ರದಲ್ಲಿ ಇಡುವ ಕೆಲಸ ವಹಿಸಿತು. ಛಾಪಾ ಕಾಗದಕ್ಕೆ ಬದಲು ಇ-ಸ್ಟಾಂಪು ಬಂತು. ಅದೇ ಮಾದರಿಯಲ್ಲಿ ಇ-ಕೋರ್ಟು ಫೀ ಹುಟ್ಟಿತು. ದಿಲ್ಲಿಯ ತೀಸ್ ಹಜಾರಿಯಂಥ ಜಿಲ್ಲಾ ಕೋರ್ಟುಗಳಲ್ಲಿ ಅದರ ಕೌಂಟರುಗಳನ್ನು ಓಡಾಡಿದವರು ಕಂಡಿರುತ್ತಾರೆ: ಹಣ ಕೊಟ್ಟರೆ ಸಂಖ್ಯೆ ಹೊತ್ತ ಒಂದು ರಶೀದಿ ಅಚ್ಚಾಗಿ ಬರುತ್ತದೆ, ಮುಖಬೆಲೆ ಎಷ್ಟು ಬೇಕೋ ಅಷ್ಟೇ. ಎರಡು ರೂಪಾಯಿಯ ಸ್ಟಾಂಪಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು.

ಇದರ ಜೊತೆಜೊತೆಗೆ ಕೋರ್ಟುಗಳಿಗೇ ಗಣಕಯಂತ್ರ ಬರುವ ಕೆಲಸ ನಡೆದಿತ್ತು. ೨೦೦೪ರ ಕೊನೆಯಲ್ಲಿ ಸ್ಥಾಪನೆಯಾದ ಇ-ಸಮಿತಿಯ ಅಧ್ಯಕ್ಷರಾದವರು ನ್ಯಾಯಮೂರ್ತಿ ಜಿ. ಸಿ. ಭರೂಕಾ. ಅವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದಾಗ ನಮ್ಮ ರಾಜ್ಯದ ಕೋರ್ಟುಗಳಲ್ಲಿ ಗಣಕಯಂತ್ರ ತರಲು ಶ್ರಮಿಸಿದವರು. ಆ ಅನುಭವವೇ ದೇಶದ ಯೋಜನೆಗೆ ಒದಗಿತೆಂಬುದು ನಮಗೆ ಸಂತೋಷದ ವಿಷಯ. ೨೦೦೫ರಲ್ಲಿ ಸಮಿತಿಯ ನೀತಿ ಮತ್ತು ಕಾರ್ಯಯೋಜನೆ ಸಿದ್ಧವಾಯಿತು. ೨೦೦೭ರಿಂದ ಮೊದಲ ಘಟ್ಟ, ೨೦೧೫ರಿಂದ ಎರಡನೆಯದು. ಮೂರನೆಯದಕ್ಕೆ ೨೦೨೩ರಲ್ಲಿ ೭,೨೧೦ ಕೋಟಿ ರೂಪಾಯಿ ಮಂಜೂರಾಯಿತು. ಎರಡನೆಯ ಘಟ್ಟದಲ್ಲಿ, ೨೦೧೮ರ ಆಗಸ್ಟಿನಲ್ಲಿ, ಫೀ ಕಟ್ಟುವ ಇ-ಪೇ ವ್ಯವಸ್ಥೆ ಆರಂಭವಾಯಿತು. ಎರಡು ವರ್ಷ ಕಳೆಯುವುದರೊಳಗೆ ಕೊರೋನ ಬಂದು ಕೋರ್ಟುಗಳ ಬಾಗಿಲು ಮುಚ್ಚಿದಾಗ, ಅಲ್ಲಿಯವರೆಗೆ ಇದನ್ನು ದೂರದಿಂದ ನೋಡುತ್ತಿದ್ದ ವಕೀಲರೂ ಕಲಿಯಬೇಕಾಯಿತು.

ಕಟ್ಟುವ ರೀತಿ ಸರಳವಾಗಿದೆ. ರಾಜ್ಯ, ಜಿಲ್ಲೆ, ಕೋರ್ಟನ್ನು ಆರಿಸಿ, ಮೊಕದ್ದಮೆಯ ಸಂಖ್ಯೆಯನ್ನೋ ಹೊಸ ದಾವೆಯಾದರೆ ಕಕ್ಷಿಗಾರರ ಹೆಸರನ್ನೋ ತುಂಬಿ ಹಣ ಕಟ್ಟಿದರೆ ರಶೀದಿ ಬರುತ್ತದೆ. ಅದನ್ನು ಅರ್ಜಿಯ ಜೊತೆ ಇಟ್ಟು ಸಲ್ಲಿಸಬೇಕು. ಕೋರ್ಟಿನ ಸಿಬ್ಬಂದಿ ಅದರ ಸಂಖ್ಯೆಯನ್ನು ಯಂತ್ರದಲ್ಲಿ ಪರೀಕ್ಷಿಸಿ, ಅದೇ ರಶೀದಿ ಇನ್ನೊಂದು ದಾವೆಗೆ ಬಳಕೆಯಾಗದಂತೆ ಬೀಗ ಹಾಕುತ್ತಾರೆ. ಮಹಾರಾಷ್ಟ್ರದ ಕಚೇರಿಗಳಲ್ಲಿ ಇದಕ್ಕೆ ‘ಡೀಫೇಸ್’ ಮಾಡುವುದು ಎನ್ನುತ್ತಾರೆ. ಮುಖ ಕೆಡಿಸುವುದೆಂದು ಅರ್ಥ. ವಿಕ್ಟೋರಿಯಾ ರಾಣಿಯ ತಲೆಗೆ ತೂತು ಕೊರೆದ ಕಾಲದ ನೆನಪು ಈ ಯಂತ್ರಯುಗದ ಮಾತಿನಲ್ಲೂ ಉಳಿದುಕೊಂಡಿದೆ.

ಕಕ್ಷಿಗಾರನಿಗೆ ಇದರಿಂದ ಆದ ದೊಡ್ಡ ಉಪಕಾರ ಈ ರಶೀದಿಯೇ. ಊರಿನ ವ್ಯಾಜ್ಯಕ್ಕೆ ಇಲ್ಲಿಂದ ಫೀ ಕಳಿಸುವವರು ಹಣವನ್ನು ತಾವೇ ಕಟ್ಟಿ ರಶೀದಿಯನ್ನು ವಕೀಲರಿಗೆ ಕಳಿಸಬಹುದು. ಅವರೇ ಕಟ್ಟಿದರೂ ರಶೀದಿಯ ನಕಲು ಕೇಳಬಹುದು. ಇದು ವಕೀಲರ ಮೇಲೆ ಸಂಶಯ ಪಡುವ ಮಾತಲ್ಲ. ಹಣ ಮುಟ್ಟಿದೆ, ದಾವೆ ನೋಂದಣಿಯಾಗಿದೆ ಎಂಬುದಕ್ಕೆ ಎರಡು ಕಡೆಯವರಿಗೂ ಅದೊಂದು ನೆಮ್ಮದಿ. ದಾವೆಗೆ ಹದಿನಾರು ಅಕ್ಷರ ಅಂಕಿಗಳ ಒಂದು ಗುರುತಿನ ಸಂಖ್ಯೆ ಬೀಳುತ್ತದೆ, ಅದಕ್ಕೆ ಸಿ.ಎನ್.ಆರ್. ಎಂದು ಹೆಸರು. ಅದೊಂದನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಕು ಯಾವಾಗ ಎಂದು ತಿಳಿಯಲು ಯಾರ ಕಾಗದಕ್ಕೂ ಕಾಯಬೇಕಾಗಿಲ್ಲ.

ಆದರೆ ಹಣ ಒಳಗೆ ಹೋಗುವ ದಾರಿಯಷ್ಟೇ ನುಣುಪಾಗಿದೆ. ಹಿಂದಕ್ಕೆ ಬರುವ ದಾರಿಯ ಬಗ್ಗೆ ನಾವು ಅಷ್ಟೇ ಧೈರ್ಯದಿಂದ ಹೇಳಲಾರೆವು. ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಫೀಯನ್ನು ಹಿಂದಿರುಗಿಸಬೇಕೆಂದು ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ೨೧ನೆಯ ಕಲಮು ಹೇಳುತ್ತದೆ. ಅದಾಲತಿಗೆ ಹೋಗದೆ ಮನೆಯಲ್ಲೇ ಹಿರಿಯರ ಮುಂದೆ ರಾಜಿ ಮಾಡಿಕೊಂಡವರಿಗೂ ಫೀ ವಾಪಸು ಸಿಗಬೇಕೆಂದು ೨೦೨೧ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮದರಾಸು ಹೈಕೋರ್ಟಿನ ಒಂದು ತೀರ್ಪನ್ನು ಎತ್ತಿಹಿಡಿದಿದೆ. ಅಣ್ಣತಮ್ಮಂದಿರ ಜಗಳ ಹೆಚ್ಚಾಗಿ ಮುಗಿಯುವುದು ಹೀಗೆಯೇ, ಯಾರದೋ ಮದುವೆಯ ಚಪ್ಪರದಲ್ಲಿ. ಆದರೆ ೧೮೭೦ರ ಕಾಯಿದೆಯ ಪ್ರಕಾರ ವಾಪಸು ಪಡೆಯುವ ಕ್ರಮವೆಂದರೆ ಕೋರ್ಟು ಕೊಟ್ಟ ಸರ್ಟಿಫಿಕೇಟನ್ನು ಹಿಡಿದು ಕಲೆಕ್ಟರರ ಬಳಿಗೆ ಹೋಗುವುದು. ಕಲೆಕ್ಟರರ ಕಚೇರಿಗೆ ಎಷ್ಟು ಸಲ ಅಲೆಯಬೇಕೆಂಬ ಲೆಕ್ಕದಲ್ಲಿ ಮೊತ್ತವನ್ನೇ ಬಿಟ್ಟುಕೊಟ್ಟವರು ಎಷ್ಟೋ ಮಂದಿ. ಮುಂಬಯಿಯಿಂದ ಬಸ್ಸಿನ ಖರ್ಚೇ ಅದಕ್ಕಿಂತ ಹೆಚ್ಚು. ಯಾವ ಖಾತೆಯಿಂದ ಹಣ ಬಂತೆಂಬುದು ಯಂತ್ರಕ್ಕೆ ಗೊತ್ತಿದೆ. ನ್ಯಾಯಾಧೀಶರ ಆದೇಶವಾದ ಒಡನೆ ಅದೇ ಖಾತೆಗೆ ಹಿಂದಿರುಗಿಸುವುದು ಅದಕ್ಕೆ ಕಷ್ಟದ ಕೆಲಸವೇನಲ್ಲ. ಫೀ ಕಟ್ಟಿಸಿಕೊಳ್ಳುವಾಗ ತೋರಿದ ಚುರುಕನ್ನು ಹಿಂದಿರುಗಿಸುವಾಗಲೂ ತೋರಿದರೆ ಮಾತ್ರ ಈ ಪದ್ಧತಿ ಕಕ್ಷಿಗಾರನದೂ ಹೌದೆಂದು ನಾವು ಒಪ್ಪುತ್ತೇವೆ.

ತೊಡಕುಗಳೂ ಇವೆ. ಖಾತೆಯಿಂದ ಹಣ ಕಡಿದಿರುತ್ತದೆ, ರಶೀದಿ ಹುಟ್ಟಿರುವುದಿಲ್ಲ. ವಾಯಿದೆಯ ಕೊನೆಯ ದಿನವಾದರೆ ಎರಡನೆಯ ಸಲ ಕಟ್ಟದೆ ವಿಧಿಯಿಲ್ಲ. ಯಂತ್ರದ ಮುಂದೆ ಕೂರಲು ಬಾರದವನಿಗಾಗಿ ಕೋರ್ಟಿನ ಹೊರಗೆ ಹೊಸ ಅಂಗಡಿಗಳು ಎದ್ದಿವೆ. ಮರದಡಿಯ ವೆಂಡರ್ ಹೋಗಿ ಕಂಪ್ಯೂಟರಿನ ವೆಂಡರ್ ಬಂದಿದ್ದಾನೆ, ಎರಡಕ್ಕೆ ಮೂರು ಕೇಳುವ ಅಭ್ಯಾಸ ಹೋಗಿಲ್ಲ. ಇದಕ್ಕೆಂದೇ ಕೋರ್ಟುಗಳ ಆವರಣದಲ್ಲಿ ಇ-ಸೇವಾ ಕೇಂದ್ರಗಳನ್ನು ತೆರೆಯಲಾಗುತ್ತಿದೆ. ಊರಿನಲ್ಲಿರುವ ವಯಸ್ಸಾದ ತಾಯಿಯೋ ದೊಡ್ಡಪ್ಪನೋ ಕೋರ್ಟಿಗೆ ಹೋಗುವವರಾದರೆ ಹೊರಗಿನ ಅಂಗಡಿಗಿಂತ ಮೊದಲು ಆ ಕೇಂದ್ರವನ್ನು ವಿಚಾರಿಸಲು ಹೇಳಿರಿ. ವಕಾಲತ್ತಿನ ಮೇಲೆ ಹಚ್ಚುವ ವಕೀಲರ ಕಲ್ಯಾಣ ನಿಧಿಯ ಸ್ಟಾಂಪು ಇದರಿಂದ ಬೇರೆಯದು. ಫೀ ಕಟ್ಟಿಯಾಗಿದೆ, ಮತ್ತೇಕೆ ಸ್ಟಾಂಪು ಎಂದು ಗುಮಾಸ್ತರೊಡನೆ ಜಗಳಕ್ಕೆ ನಿಲ್ಲಬೇಕಾಗಿಲ್ಲ.

ಕಟ್ಟುವುದು ಸುಲಭವಾಯಿತೆಂದು ಕಟ್ಟಬೇಕಾಗಿಲ್ಲದವರೂ ಕಟ್ಟಿಬಿಡುವ ಸಂಭವ ಉಂಟು. ಮಹಾರಾಷ್ಟ್ರ ಸರಕಾರ ೧೯೯೪ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಜೀವನಾಂಶ, ಆಸ್ತಿಯ ವ್ಯಾಜ್ಯ, ಹಿಂಸೆ, ವಿಚ್ಛೇದನಗಳಿಗೆ ಸಂಬಂಧಪಟ್ಟ ಮೊಕದ್ದಮೆಗಳಲ್ಲಿ ಹೆಂಗಸರಿಗೆ ಫೀಯನ್ನು ಮಾಫಿ ಮಾಡಿತು. ಮುಂಬಯಿ ಪುಣೆಗಳಲ್ಲಿರುವ ನಮ್ಮ ಅಕ್ಕತಂಗಿಯರು ದಾವೆ ಹೂಡುವಾಗ ಇದು ತಮಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಮೊದಲೇ ಕೇಳಬೇಕು. ಯಾವ ರಾಜ್ಯದಲ್ಲಾದರೂ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು; ಆ ನೆರವಿನಲ್ಲಿ ಕೋರ್ಟು ಫೀಯೂ ಸೇರುತ್ತದೆ. ಉಳಿದವರಲ್ಲಿ ಫೀ ಕಟ್ಟುವ ಶಕ್ತಿಯೇ ಇಲ್ಲದವರು ದಿವಾಣಿ ಸಂಹಿತೆಯ ೩೩ನೆಯ ಆದೇಶದ ಕೆಳಗೆ ಅನುಮತಿ ಕೇಳಬಹುದು. ಮೊದಲು ಅಲ್ಲಿ ‘ಪಾಪರ್’ ಎಂಬ ಪದವಿತ್ತು; ೧೯೭೬ರ ತಿದ್ದುಪಡಿ ಅದನ್ನು ತೆಗೆದು ನಿರ್ಗತಿಕ ವ್ಯಕ್ತಿ ಎಂದು ಮಾಡಿತು. ಇಂಥ ವಿನಾಯಿತಿಗಳನ್ನು ಹಣ ಕೇಳುವ ಯಂತ್ರ ತಾನಾಗಿ ಹೇಳುವುದಿಲ್ಲ. ಕೇಳಿದವರಿಗೆ ಹೇಳುವುದು ಪ್ರತಿ ತಾಲ್ಲೂಕಿನಲ್ಲೂ ಇರುವ ಕಾನೂನು ಸೇವಾ ಸಮಿತಿ.

ಕಡೆಯದಾಗಿ ಒಂದು ಸಣ್ಣ ಎಚ್ಚರಿಕೆ. ಕೋರ್ಟು ಫೀ ರಾಜ್ಯಗಳ ವಿಷಯವಾದ್ದರಿಂದ ಹಣ ಸೇರುವುದು ದಾವೆ ನಡೆಯುವ ರಾಜ್ಯದ ಬೊಕ್ಕಸಕ್ಕೆ. ಮಹಾರಾಷ್ಟ್ರದಲ್ಲಿ ‘ಗ್ರಾಸ್’ ಎಂಬ ವ್ಯವಸ್ಥೆ ಬೇರೆ, ಕರ್ನಾಟಕದ ‘ಖಜಾನೆ-೨’ ಬೇರೆ, ಕೇಂದ್ರದ ಇ-ಪೇ ಬೇರೆ. ಕುಂದಾಪುರದ ದಾವೆಗೆ ಡೊಂಬಿವಲಿಯಲ್ಲಿ ಕುಳಿತು ಕಟ್ಟುವವರು ಯಾವ ದ್ವಾರದಿಂದ ಕಟ್ಟಬೇಕೆಂದು ವಕೀಲರನ್ನು ಕೇಳಿಕೊಂಡು, ರಾಜ್ಯವೆಂಬಲ್ಲಿ ತಾವಿರುವ ರಾಜ್ಯವನ್ನಲ್ಲ, ಕೋರ್ಟಿರುವ ರಾಜ್ಯವನ್ನು ಗುರುತು ಮಾಡಬೇಕು.